ವೈರು ಕಾಣಬಾರದು

ಕಂಪ್ಲಿಯಲ್ಲಿರುವ ನನ್ನ ಭಾವಮೈದುನನ ಕಾರಿನ ಮುಂಗಾಜಿನಲ್ಲಿ ಕರೀ ವೈರೊಂದು ಸದಾ ಜೋತುಬಿದ್ದಿರುತ್ತದೆ. ಮುಂದಿನ ರಸ್ತೆಯನ್ನು ದಾಖಲಿಸಲು ಗಾಜಿಗಂಟಿಸಿದ ಪುಟ್ಟ ಕ್ಯಾಮೆರಾದಿಂದ ಹೊರಟು, ಸ್ಟೀರಿಂಗಿನ ಪಕ್ಕದಲ್ಲಿ ತೂಗಾಡುತ್ತ ಚಾರ್ಜರಿಗೆ ಸೇರುವ ಅದನ್ನು ಕಂಡರೆ ನನಗಾಗದು. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಸರಿಪಡಿಸದೆ ಊಟಕ್ಕೆ ಕೂರದ ಆಸಾಮಿ ನಾನು. ಸೌಂದರ್ಯಪ್ರಜ್ಞೆಯೆಂದು ನಾನು ಗೌರವದಿಂದ ಕರೆದುಕೊಳ್ಳುವ ಈ ಗುಣಕ್ಕೆ ನನ್ನ ಹೆಂಡತಿ ಬೇರೆಯೇ ಹೆಸರಿಟ್ಟಿದ್ದಾಳೆ.

ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಯೊಂದು ನನ್ನ ಕಾರಿನ ಕನ್ನಡಿಯನ್ನು ಸವರಿಕೊಂಡು ಹೋದಮೇಲೆ ನಾನೂ ಕ್ಯಾಮೆರಾ ಕೊಂಡೆ. ವೈರು ಮಾತ್ರ ಕಾಣಬಾರದು ಎಂಬ ಷರತ್ತಿನೊಂದಿಗೆ, ಹೊಸಪೇಟೆಯಲ್ಲಿ ಕಾರುಗಳ ವೈರಿಂಗ್ ಮಾಡುವ ಹುಲುಗಪ್ಪನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅವನ ಕೈಗೆಲಸವನ್ನು ನೀವು ನೋಡಬೇಕು. ಛಾವಣಿಯ ಬಟ್ಟೆಯ ಅಂಚಿನೊಳಗೆ ವೈರನ್ನು ಬೆರಳಿನಿಂದಲೇ ತುರುಕುತ್ತ, ಗಾಜಿನ ಪಕ್ಕದ ಪ್ಲಾಸ್ಟಿಕ್ ಕವರು ಬಿಚ್ಚಿ ಅದರ ಹಿಂದೆ ಇಳಿಸಿ, ಫ್ಯೂಸ್ ಬಾಕ್ಸಿಗೆ ಸೇರಿಸಿ, ಕ್ಯಾಮೆರಾ ಚಾಲೂ ಮಾಡಿದವನು ಕವರು ಮುಚ್ಚುವ ಮೊದಲು ತಡೆದ. "ಒಂಚೂರು ಬಟ್ಟಿ ಟೇಪ್ ಸುತ್ತತೀನ್ರಿ ಸರ್. ಇಲ್ಲಾಂದ್ರ ಹಂಪಿ ರೋಡಿನ್ಯಾಗ ಕಟಕಟ ಅಂತೈತಿ," ಎಂದು ಬಿಸಿಲಲ್ಲಿ ರಸ್ತೆ ದಾಟಿ ಟೇಪು ತರಲು ಹೋದ.

ನಾನು ಕಾರಿನೊಳಗೆ ಕುಳಿತು ಭಾವಮೈದುನನಿಗೆ ಸ್ಪೀಕರಿನಲ್ಲಿ ಫೋನು ಹಚ್ಚಿದೆ. "ಇಲ್ಲೇ ಕಾವಲು ಕುಂತೀನಿ ನೋಡು. ಇಂಥೋರ್ನ ನಂಬಿ ಮನಿಗೆ ಹ್ವಾದ್ರ ಗಾಡಿಯಾಗಿನ ಒರಿಜಿನಲ್ ಸಾಮಾನೆಲ್ಲ ಮಾಯ ಆಗಿರ್ತಾವ," ಎಂದೆ. ಅವನು ನಕ್ಕ, ನಾನೂ ನಕ್ಕೆ. ಹುಲುಗಪ್ಪನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲವೆಂದರೆ ನೀವು ನಂಬಬೇಕು. ಲೋಕಾನುಭವಿ ಎನ್ನಿಸಿಕೊಳ್ಳುವ ಚಪಲಕ್ಕೆ ಆಡಿದ ಮಾತದು.

ಹುಲುಗಪ್ಪ ಬಂದು ಟೇಪು ಸುತ್ತಿ ಕವರು ಮುಚ್ಚಿದ. ಕ್ಯಾಮೆರಾ ಸರಿಯಾಗಿ ಹಿಡಿಯುತ್ತಿದೆಯೆಂದು ತೋರಿಸಲು, ಅದನ್ನು ನನ್ನ ಫೋನಿಗೆ ಜೋಡಿಸಿ, ಈಗಷ್ಟೇ ದಾಖಲಾದದ್ದನ್ನು ಹಾಕಿದ. ಗಾಜಿನಾಚೆ ಅವನು ರಸ್ತೆ ದಾಟುತ್ತಿರುವುದು ಕಂಡಿತು. ಜೊತೆಗೆ ನನ್ನ ಧ್ವನಿ ಬಂತು. ಪೂರ್ತಿ ಬಂತು, ಇಬ್ಬರ ನಗುವಿನ ಸಮೇತ.

"ವಾಯ್ಸ್ ಭಾಳ ಕ್ಲಿಯರ್ ಐತ್ರಿ ಸರ್," ಎಂದ ಹುಲುಗಪ್ಪ. ಆಮೇಲೆ ಮುಚ್ಚಿದ ಕವರನ್ನು ಮತ್ತೆ ಬಿಚ್ಚಿದ. "ನೋಡ್ಕೋರಿ. ಎಲ್ಲಾ ನಿಮ್ದ ಐತಿ."

ಬೇಡ ಎನ್ನಬೇಕಿತ್ತು. ಆದರೆ ನಾನು ಕತ್ತು ಬಗ್ಗಿಸಿ ಒಳಗೆ ಇಣುಕಿದೆ. ಆಡಿದ ಮಾತಿಗಿಂತ ಆ ಇಣುಕುವಿಕೆಯೇ ನನ್ನನ್ನು ಇಂದಿಗೂ ನಾಚಿಸುತ್ತದೆ.

ವಾರದ ಬಳಿಕ ಕ್ಷಮೆ ಕೇಳಲೆಂದೇ ಹೋದೆ. "ಏನಾತ್ರಿ ಸರ್?" ಎಂದು ಅವನು ಎದುರು ಬಂದಾಗ ನಾಲಗೆ ಹೊರಳದೆ, "ಕವರು ಕಟಕಟ ಅಂತೈತಿ," ಎಂದುಬಿಟ್ಟೆ. ಅವಮಾನ ತೊಳೆಯಲು ಹೋದ ಮಹಾನುಭಾವ ಅವನ ಕೆಲಸಕ್ಕೂ ಕುಂದು ಹಚ್ಚಿದ್ದೆ. ಅವನು ಪಕ್ಕದಲ್ಲಿ ಕುಳಿತು, ಕವರಿಗೆ ಕಿವಿಗೊಟ್ಟು, ಹಂಪಿ ರಸ್ತೆಯಲ್ಲಿ ಕಮಲಾಪುರದವರೆಗೂ ಬಂದ.

"ಏನೂ ಸಪ್ಪಳ ಇಲ್ರೀ ಸರ್."

"ಇಲ್ಲ ಹುಲುಗಪ್ಪ, ಸುಳ್ಳು ಹೇಳ್ದೆ. ಅವತ್ತು ಅಂದಿದ್ದೂ ನಂದ ತಪ್ಪಾತು."

ಅವನು ಕ್ಯಾಮೆರಾದತ್ತ ಬೆರಳು ಮಾಡಿದ. "ಇದೂ ರೆಕಾರ್ಡ್ ಆಗಿರ್ತೈತ್ರಿ. ಅವತ್ತು ಫೋನಿನ್ಯಾಗ ನಕ್ಕೋರಿಗೂ ಕೇಳಿಸ್ರಿ," ಎಂದ. ನಗಲಿಲ್ಲ.

ಮರುದಿನ ಕಂಪ್ಲಿಗೆ ಹೋಗಿ, ಭಾವಮೈದುನನ ಕಾರಿನಲ್ಲೇ ಕುಳಿತು, ನಾನು ತಪ್ಪೊಪ್ಪಿಕೊಂಡ ಆ ರೆಕಾರ್ಡನ್ನು ಫೋನಿನಲ್ಲಿ ಅವನಿಗೆ ಕೇಳಿಸಿದೆ. ನನ್ನ ಮಾತು ಮುಗಿಯುವವರೆಗೂ ಅವನ ಮುಖ ನೋಡಲಾಗದೆ, ಎದುರಿಗೆ ಜೋತುಬಿದ್ದಿದ್ದ ವೈರನ್ನೇ ನೋಡುತ್ತ ಕುಳಿತೆ.