ಅಮ್ಮ ಕಂಡ ಬೋರ್ನಿಯೋದ ಕಣಿಗಳು

ನಾನು ಬೋರ್ನಿಯೋ ನೋಡಿದವನಲ್ಲ. ಆದರೂ ಎರಡು ವರ್ಷ ಹಂಪನಕಟ್ಟೆಯ ಒಂದು ಲಾಡ್ಜಿನ ಮೇಲಿನ ಮಹಡಿಯ ನಮ್ಮ ಆಫೀಸಿನಲ್ಲಿ ಕೂತು, ಅಲ್ಲಿನ ಜೌಗುಕಾಡು ಎಲ್ಲಿ ಸತ್ತಿದೆ, ಎಲ್ಲಿ ಬದುಕಿದೆ ಎಂದು ತೀರ್ಪು ಕೊಟ್ಟಿದ್ದೇನೆ. ಉಪಗ್ರಹದ ಚಿತ್ರಗಳ ಮೇಲೆ, ಚೆನ್ನಾಗಿರುವ ಜಾಗಕ್ಕೆ ನೀಲಿ, ಹಾಳಾದದ್ದಕ್ಕೆ ಕೆಂಪು ಬಳಿಯುವುದು ನನ್ನ ಕೆಲಸ. ಆ ನೆಲವನ್ನು ಪೀಟ್ ಎನ್ನುತ್ತಾರೆ. ಎಲೆ, ಬೇರು, ಮರ ಎಲ್ಲ ನೀರಿನಡಿ ಪೂರ್ತಿ ಕೊಳೆಯದೆ ಪದರಪದರವಾಗಿ ಸೇರಿದ ಕಪ್ಪು ನೆಲ. ನೀರಿರುವವರೆಗೆ ಸಾಧು. ನೀರು ಬಸಿದು ಒಣಗಿದ ಮೇಲೆ ಬೆಂಕಿ ತಾಗಿದರೆ ತಿಂಗಳುಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ನಮ್ಮ ಸಂಬಂಧಿಕರಲ್ಲೂ ಇಂಥವರಿದ್ದಾರೆ.

ನಮ್ಮ ಬಾಸ್ ಹಿಂದೆ ಭೂಗೋಳದ ಟೀಚರ್ ಆಗಿದ್ದವರು. ಸಿಟ್ಟು ಬಂದಾಗ ಮಾತ್ರ ಕೊಂಕಣಿ. ಒಂದು ದಿನ ಕೊಂಕಣಿಯಲ್ಲಿ ಏನೋ ಅಂದು, ಒಂದು ಫೋಟೋ ತೋರಿಸಿದರು.

"ನೀನು ನೀಲಿ ಮಾಡಿದ ಜಾಗ ಉಂಟಲ್ಲ, ಅಲ್ಲಿಯವರೇ ಹೋಗಿ ತೆಗೆದದ್ದು. ಇದು ಕಾಡಾ ಮಾರಾಯ?"

ಸುಟ್ಟ ಬೊಡ್ಡೆಗಳು, ನಡುವೆ ಸೊಂಟದೆತ್ತರದ ಜರಿಗಿಡ.

"ಹಸಿರು ಕಂಡಿತು ಮೇಡಂ."

"ಪಾಚಿಯೂ ಹಸಿರೇ. ಸೋಮವಾರದೊಳಗೆ ಎಲ್ಲ ಪುನಃ ನೋಡು."

ಭಾನುವಾರ ಉರ್ವದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಎಷ್ಟು ದಿಟ್ಟಿಸಿದರೂ ಹಸಿರು ಬಿಟ್ಟರೆ ಮತ್ತೇನೂ ಕಾಣಲಿಲ್ಲ. ಬಂಗುಡೆ ತೊಳೆಯುತ್ತಿದ್ದ ಅಮ್ಮ ಬಂದು ಇಣುಕಿದಳು.

"ಈ ಕಣಿ ಕಡಿದದ್ದು ಯಾರು?"

"ಎಂತ ಕಣಿ? ಕಾಡಲ್ಲಿ ನೀರಿನ ಕಾಲುವೆ ಎಲ್ಲಿಂದ?"

ಮೀನು ತೊಳೆದ ಬೆರಳು ಸ್ಕ್ರೀನಿನ ಮೇಲೆ ಒತ್ತಿತು. ಕೂದಲೆಳೆಯಷ್ಟು ತೆಳ್ಳಗಿನ ನೇರ ಗೆರೆಗಳು. ಅವುಗಳನ್ನು ನಾನು ಚಿತ್ರದ ದೋಷವೆಂದುಕೊಂಡಿದ್ದೆ.

"ನದಿ ಹೀಗೆ ಸ್ಕೇಲ್ ಇಟ್ಟ ಹಾಗೆ ಹೋಗ್ತದಾ? ನಿನ್ನ ಮಾವ ಬೈಲುಗದ್ದೆಯಲ್ಲಿ ತೆಂಗು ಇಡ್ತೇನೆ ಅಂತ ಹೀಗೇ ಕಣಿ ಕಡಿದು ನೀರು ಇಳಿಸಿದ. ಮತ್ತೆ ನಮ್ಮ ಬಾವಿಯೂ ಬತ್ತಿತು."

ಅದೇ ಜಾಗದ ಹಳೆಯ ಚಿತ್ರಗಳನ್ನು ತೆರೆದೆ. ಮೊದಲು ಕಾಡು, ಆಮೇಲೆ ಕಣಿ, ಆಮೇಲೆ ಸುಟ್ಟ ಕಪ್ಪು, ಕೊನೆಗೆ ನಾನು ಮೋಸಹೋದ ಹಸಿರು. ಅಮ್ಮ ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. ಅವಳು ಬೆರಳು ಇಟ್ಟಲ್ಲೆಲ್ಲ ನಾನು ಗೆರೆ ಎಳೆದೆ. ತವರಿನ ಗದ್ದೆಯ ಬಗ್ಗೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಊಟವಾಗುವಾಗ ಮೂರು ದಾಟಿತ್ತು.

ಸೋಮವಾರ ಬಾಸ್ ಕೇಳಿದರು, "ಇಷ್ಟೆಲ್ಲ ನಿನಗೆ ಹೇಗೆ ಕಂಡಿತು?"

"ನಿಧಾನಕ್ಕೆ ನೋಡಿದೆ ಮೇಡಂ" ಎಂದೆ. ಮಧ್ಯಾಹ್ನ ಪುನಃ ಅವರ ಮೇಜಿನ ಬಳಿ ಹೋದೆ. ಕೊನೆಗೆ ನಿಜ ಹೇಳಿದೆ.

"ಹಾಗಾದ್ರೆ ನಿನ್ನನ್ನು ಎಂತಕ್ಕೆ ಇಟ್ಕೊಂಡದ್ದು ನಾನು?" ಎಂದವರೇ ನಕ್ಕು, ಅಮ್ಮನಿಗೆ ಫೋನ್ ಮಾಡಿದರು. ಐದು ನಿಮಿಷ ಬೋರ್ನಿಯೋ, ಅರ್ಧ ಗಂಟೆ ನನ್ನ ದಡ್ಡತನ.

ನಕ್ಷೆಯಲ್ಲಿ ಕೆಂಪು ಹೆಚ್ಚಿತು. ಅದನ್ನಿಟ್ಟುಕೊಂಡು ಅಲ್ಲಿಯವರು ನೀರು ಬಸಿಯದಂತೆ ಕಣಿಗಳಿಗೆ ಅಡ್ಡ ಕಟ್ಟುತ್ತಾರಂತೆ ಎಂದು ಅಮ್ಮನಿಗೆ ಹೇಳಿದೆ.

"ಮಣ್ಣು ಮಾತ್ರ ಹಾಕಿದ್ರೆ ನಿಲ್ಲುವುದಿಲ್ಲ. ಹಲಗೆ ಇಡ್ಲಿಕ್ಕೆ ಹೇಳು."

ನಾಚಿಕೆ ಬಿಟ್ಟು ಅಲ್ಲಿಯವರಿಗೆ ಇಮೇಲ್ ಬರೆದೆ. ಹಲಗೆಯನ್ನೇ ಇಡುತ್ತಿದ್ದೇವೆ ಎಂದು ಉತ್ತರ ಬಂತು. ಅಮ್ಮನಿಗೆ ಸಮಾಧಾನವಾಗಲಿಲ್ಲ. ಎಷ್ಟು ದಪ್ಪದ್ದು ಎಂದು ಕೇಳಲು ಹೇಳಿದಳು.