ಡ್ರಮ್ಮಿನ ಗೊಬ್ಬರ, ಆಳೆತ್ತರದ ಹುಲ್ಲು

ಡ್ರಮ್ಮು ಬಿರಿಯಬಹುದಿತ್ತು. ಬೆಲ್ಲದ ವಾಸನೆಗೆ ನಿಡಗುಂದಿಯ ಇರುವೆಗಳೆಲ್ಲ ನಮ್ಮ ಹಿತ್ತಲಿಗೆ ಗುಳೆ ಬರಬಹುದಿತ್ತು. ಸಗಣಿ, ಗಂಜಲ, ಕಡಲೆಹಿಟ್ಟು ಸರಿಯಾಗಿ ಹುಳಿಯದೆ ಬರೀ ಕೊಳೆತು ಹುಳ ಬೀಳಬಹುದಿತ್ತು. ನೀರು ಕಡಿಮೆ ಬೆರೆಸಿ ನಾನೇ ಬೇರು ಸುಡಬಹುದಿತ್ತು. ಸಿಂದಗಿಯಿಂದ ಬಸ್ಸಿನ ನೆತ್ತಿಯ ಮೇಲೆ ತಂದ ನೇಪಿಯರ್ ಎಂಬ ಮೇವಿನ ಹುಲ್ಲಿನ ನಾಟಿ ತುಂಡುಗಳು ದಾರಿಯಲ್ಲೇ ಒಣಗಬಹುದಿತ್ತು. ಕಾಲುವೆಯ ನೀರು ಕೈಕೊಡಬಹುದಿತ್ತು. ಮಿತ್ರರೇ, ಇದರಲ್ಲಿ ಒಂದೂ ಆಗಲಿಲ್ಲ. ಆದರೆ ಇವಕ್ಕಾಗಿ ನಾನು ಮುಂಗಡವಾಗಿ ಪಟ್ಟ ಚಿಂತೆಯನ್ನು ಯಾರೂ ಹಿಂದಿರುಗಿಸಲೂ ಇಲ್ಲ.

ಆಗ ನಮ್ಮ ಹೊಲಕ್ಕೆ ಕಾಲುವೆ ನೀರು ಹೊಸದು. ಮನೆಯಲ್ಲಿ ಒಂದು ಜರ್ಸಿ ಆಕಳು. ಜೋಳದ ಒಣ ಕಣಿಕೆಯನ್ನೇ ತಿಂದು ತಿಂದು ಅದರ ಪಕ್ಕೆಲುಬುಗಳು ದೂರದಿಂದಲೇ ಎಣಿಸಲು ಸಿಗತೊಡಗಿದಾಗ, ಕರುವಾಗಿದ್ದಾಗಿನಿಂದ ಅದನ್ನು ಸಾಕಿದ್ದ ನನ್ನ ಹೆಂಡತಿ ಗಿರಿಜಾ ಖಡಾಖಂಡಿತವಾಗಿ ಹೇಳಿಬಿಟ್ಟಳು:

“ಹಸಿ ಮೇವು ಎಬ್ಬಸ್ರಿ. ಇಲ್ಲಾಂದ್ರ ಮಾರಿಬಿಡೂಣು. ಉಪಾಸ ಕೆಡವಿ ಸಾಕಾಕ ನನ್ನ ಕೈಲೆ ಆಗೂದಿಲ್ಲ.”

ಹೇಳುವಾಗ ಅವಳ ಕೈ ಆಕಳ ಕೊರಳ ಮೇಲಿತ್ತು.

ಹೊಲದಲ್ಲಿ ಹುಲ್ಲು ನೆಟ್ಟೆ, ಅದರ ಗೊಬ್ಬರಕ್ಕೆಂದು ಹಿತ್ತಲಲ್ಲಿ ಡ್ರಮ್ಮು ಇಟ್ಟೆ. ಡ್ರಮ್ಮನ್ನು ದಿನಕ್ಕೆರಡು ಸಲ ಕೋಲಿನಿಂದ ತಿರುವಿದರೆ ಸಾಕಿತ್ತು. ನಾನು ಶಾಲೆಗೆ ಹೋಗುವಾಗ, ಬರುವಾಗ, ಊಟದ ಬಿಡುವಿನಲ್ಲೂ ಓಡಿಬಂದು ತಿರುವಿದೆ. ಹಿತ್ತಲಿಗೇ ಹೊಂದಿಕೊಂಡ ಪಕ್ಕದ ಹೊಲದ ಮಲ್ಲಣ್ಣ ಬೇಲಿಯಾಚೆಯಿಂದಲೇ ಕೂಗಿದ: “ಮಾಸ್ತರ, ಹುಳಿ ಬರ್ಲಿ ಬಿಡ್ರಿ! ಹಿಂಗ ಗಳಿಗಿಗೊಮ್ಮೆ ಇಣುಕಿದ್ರ ಅದಕ್ಕೂ ನಾಚಿಕಿ ಆಕ್ಕೈತಿ.”

ಹುಳಿಯುವುದೆಂದರೆ ಕಣ್ಣಿಗೆ ಕಾಣದ ಜೀವಗಳು ಸದ್ದಿಲ್ಲದೆ ನಡೆಸುವ ಸಂಸಾರ. ನನ್ನ ತಲೆಯೊಳಗೂ ಸದಾ ಏನೋ ಹುಳಿಯುತ್ತಲೇ ಇರುತ್ತದೆ. ಡ್ರಮ್ಮಿನದು ಹುಲ್ಲಿಗಾದರೂ ಉಪಯೋಗಕ್ಕೆ ಬಂತು.

ಬಂತೆಂದರೆ ಹೇಗೆ! ಕಾಲುವೆ ನೀರಿನೊಡನೆ ಆ ಕಂದು ದ್ರವ ಬುಡಕ್ಕೆ ಇಳಿದದ್ದೇ ತಡ, ಹುಲ್ಲು ಮೊಣಕಾಲು ಮುಟ್ಟಿತು, ಸೊಂಟ ದಾಟಿತು. ಗಿರಿಜಾ ಕುಡಗೋಲು ಹಿಡಿದು ಬಂದಳು. ನಾನು ಅಡ್ಡ ನಿಂತೆ.

“ಎಳೇದು ಕೊಯ್ದ್ರ ಲುಕ್ಸಾನ. ಬಲೀಲಿ ತಡಿ.”

“ಆಕಳ ಹಸದೈತ್ರಿ.”

“ಇಷ್ಟ ದಿನಾ ಕಾದೈತಿ, ಇನ್ನೊಂದೀಟ ಕಾಯ್ತೈತಿ.”

ಜೋಳದ ಸೀಮೆಯವರು ನಾವು. ದಂಟು ಬಲಿತು, ತೆನೆ ಒಣಗಿದ ಮೇಲೆ ಕೊಯ್ಯುವುದೊಂದೇ ನಮಗೆ ಗೊತ್ತಿದ್ದ ಸುಗ್ಗಿ. ಹುಲ್ಲು ನನ್ನ ತಲೆ ಮೀರಿ ಬೆಳೆಯಿತು. ಜನ ನಿಂತು ನೋಡಿದರು. ನಾನೂ ಸ್ವಲ್ಪ ಬೆಳೆದೆ.

ಕೊನೆಗೆ ಕೊಯ್ದು ಗೋದಲಿಗೆ ಹಾಕಿದೆವು. ಆಕಳು ತುದಿಯ ನಾಲ್ಕು ಗರಿ ಮೇಯ್ದು, ದಂಟನ್ನು ಮೂಸಿ, ಮುಖ ತಿರುಗಿಸಿ ಹಳೆಯ ಕಣಿಕೆಗೇ ಬಾಯಿ ಹಾಕಿತು. ಗಿರಿಜಾ ಒಂದು ದಂಟನ್ನು ಮುರಿದಳು, ಬಿದಿರಿನಂತೆ ಸದ್ದಾಯಿತು. ಮಾರುವ ಮಾತು ಈಗ ಬಂತು, ಈಗ ಬಂತು ಎಂದು ನಾನು ಕಾದೆ. ಅವಳು ಕುಡಗೋಲು ಹಿಡಿದು ಹೊಲದ ಮೂಲೆಗೆ ನಡೆದಳು. ಮಲ್ಲಣ್ಣನ ಆಡುಗಳು ಹಿಂದೊಮ್ಮೆ ನುಗ್ಗಿ ಹುಲ್ಲು ಮೇಯ್ದಿದ್ದ ಕಡೆ ಎಳೆಯ ಚಿಗುರು ಎದ್ದಿತ್ತು. ಒಂದು ತೆಕ್ಕೆ ಕೊಯ್ದು ತಂದು ಸುರಿದಳು. ಆಕಳು ತಲೆ ಎತ್ತದೆ ತಿಂದಿತು.

“ಮಾರೂದಿಲ್ಲ,” ಎಂದಳು ಗಿರಿಜಾ. “ಆದ್ರ ಇನ್ಮ್ಯಾಲೆ ಕುಡಗೋಲು ನನ್ನ ಕೈಯಾಗಿರತೈತಿ.”

ಕೆಟ್ಟದ್ದು ಇಷ್ಟೇ: ಕೊಯ್ಯಲು ನಾನು ಹದಿನೈದು ದಿನ ತಡಮಾಡಿದ್ದೆ. ಆ ಹದಿನೈದು ದಿನವೂ ಆಕಳು ಹಸಿದಿತ್ತು.