ನಾನು ಕೇಳದ ಅನುಮತಿ

ಸಿಸಿಲಿಯಕ್ಕ, ನಿಮಗೆ ವೀಸಾ ಸಿಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಕೊಡುವುದಿಲ್ಲ ಎಂದು ಯಾರೂ ಅಂದಿರಲಿಲ್ಲ — ನಾವು ಕೇಳಿರಲೇ ಇಲ್ಲ.

ಹುಡುಗಿಯಾಗಿದ್ದಾಗ ಅಬುಧಾಬಿಗೆ ಬಂದವರು ನೀವು. ಒಂದೇ ಅರಬ್ಬಿ ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ಎತ್ತಿ ಆಡಿಸಿ, ಕೂದಲು ನರೆಯುವವರೆಗೂ ಇದ್ದಿರಿ. ಸಂಬಳವೆಂಬುದು ಇರಲಿಲ್ಲ, ಪಾಸ್‌ಪೋರ್ಟ್ ನಿಮ್ಮ ಕೈಗೆ ಸಿಕ್ಕಿರಲಿಲ್ಲ. ಮುದುಕಿ ಯಜಮಾನಿ ತೀರಿಕೊಂಡ ಮೇಲೆ ಮಗ ಅದನ್ನು ಕೈಗಿತ್ತು, "ಖಲಾಸ್, ಇನ್ನು ನೀನು ಸ್ವತಂತ್ರಳು" ಅಂದನಂತೆ. ಜೊತೆಗೇ ವೀಸಾ ರದ್ದು.

"ಬಿಡುಗಡೆಯಂತೆ ಬಾಯಿ, ಆದ್ರೆ ನಿಲ್ಲುವ ಹಾಗಿಲ್ಲವಂತೆ!" ಎಂದು ನಕ್ಕಿದ್ದಿರಿ. ನಮ್ಮ ಕೊಂಕಣಿ ರೂಢಿಯಂತೆ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದಿರಿ. ಊರಲ್ಲಿ ನಿಮ್ಮ ಮುಖ ಗುರುತಿಸುವವರು ಉಳಿದಿರಲಿಲ್ಲ. ನಿಮ್ಮ ಊರು ಇದೇ ಆಗಿತ್ತು. ಇಲ್ಲಿ ಉಳಿಯಲು ಗಡುವಿನೊಳಗೆ ಬೇರೊಂದು ಮನೆಯವರು ವೀಸಾ ಮಾಡಿಸಬೇಕಿತ್ತು.

ಚರ್ಚಿನಲ್ಲಿ ಪರಿಚಯವಾದ ನಿಮ್ಮನ್ನು ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲಾಟಿಗೆ ಕರೆತಂದವಳು ನಾನೇ. ಆ ವಾರ ಮೊಂತಿ ಹಬ್ಬ, ಮೇರಿ ಮಾತೆಯ ಹೆಸರಿನ ನಮ್ಮ ತೆನೆಹಬ್ಬ. ಊರಿಂದ ಬಂದ ಹೊಸ ತೆನೆಯ ಅಕ್ಕಿಯನ್ನು ತೆಂಗಿನಹಾಲಿನಲ್ಲಿ ಬೆರೆಸಿ ಮನೆಯವರಿಗೆ ಮಾತ್ರ ಹಂಚುವುದು ನಮ್ಮ ಕ್ರಮ. ನಿಮಗೂ ಕೊಟ್ಟೆ. "ಇನ್ನು ಹೆದರಿಕೆ ಇಲ್ಲ" ಎಂದು ಕಣ್ಣೊರೆಸಿಕೊಂಡಿರಿ. ನಾನು ಮಾತು ಕೊಟ್ಟೆ ಎಂದುಕೊಂಡಿರಿ — ಮಾತೇ ಆಗಿತ್ತು ಅದು.

ಆಮೇಲೆ ರಿಯಾ... ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ಪುಟ್ಟ ಮಗಳು ನಿಮ್ಮ ಹಿಂದೆ ಕೊಂಕಣಿಯಲ್ಲಿ ಹರಟುತ್ತಾ ತಿರುಗತೊಡಗಿದಳು. ಒಂದು ಶುಕ್ರವಾರ ಜ್ವರ ಬಂದಾಗ ನನ್ನ ಕೈ ತಳ್ಳಿದಳು. "ನೀನು ಬೇಡ ಮಮ್ಮಿ, ಸಿಸಿಲಿ ಬೇಕು."

ಆ ವಾರವೇ ನನ್ನ ಗಂಡ ಅರ್ಜಿ ಹಾಕಲು ಹೊರಟರು. "ಬೇಡ, ಅವರಿಗೇ ಊರಿಗೆ ಹೋಗಬೇಕಂತೆ" ಎಂದುಬಿಟ್ಟೆ. ಅವರು ನಂಬಿದರು. ನಿಮಗೆ ಹೇಳಿದೆ — "ಪರ್ಮಿಷನ್ ಕೊಡಲಿಲ್ಲ ಅಕ್ಕ."

"ಇರಲಿ ಬಾಯಿ. ನೀವು ಕೇಳಿದ್ರಲ್ಲ, ಅಷ್ಟು ಸಾಕು."

ನನ್ನ ಬೆನ್ನು ಸವರಿ ನನ್ನನ್ನೇ ಸಮಾಧಾನ ಮಾಡಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಗಡುವು ಇನ್ನೂ ಮುಗಿದಿರಲಿಲ್ಲ...

ಮೊನ್ನೆ ಊರಿನ ವೃದ್ಧಾಶ್ರಮದಿಂದ ಸಿಸ್ಟರ್ ಫೋನ್ ಮಾಡಿ ನೀವು ತೀರಿಹೋದ ಸುದ್ದಿ ತಿಳಿಸಿದರು. ಕೊನೆಕೊನೆಗೆ ಅರಬ್ಬಿಯಲ್ಲೇ ಏನೋ ಕೇಳುತ್ತಿದ್ದಿರಂತೆ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲವಂತೆ.

ರಿಯಾ ಈಗ ನನ್ನೆತ್ತರ ಬೆಳೆದಿದ್ದಾಳೆ. ಸುದ್ದಿ ಕೇಳಿದಾಗಿನಿಂದ ಅಳುತ್ತಿದ್ದಾಳೆ. "ಅಷ್ಟು ಪ್ರೀತಿ ಇದ್ದವರು ನನ್ನನ್ನು ಬಿಟ್ಟು ಯಾಕೆ ಹೋದರು, ಮಮ್ಮಿ?" — ಎಷ್ಟೋ ದಿನಗಳ ಮೇಲೆ ಕೊಂಕಣಿಯಲ್ಲಿ ಕೇಳಿದಳು. ನೀವು ಕಲಿಸಿದ ಕೊಂಕಣಿ.

ಇಂದು ಅವಳ ತಂದೆಯ ಎದುರಿಗೇ ಅವಳಿಗೆ ನಿಜ ಹೇಳುತ್ತೇನೆ. ಅವಳು ನನ್ನ ಕೈಯನ್ನು ಮತ್ತೆ ತಳ್ಳಲಿ.